ನೂರು ಮೈಲಿ ಮೇಷ್ಟ್ರು

1960ರ ರೋಮ್ ಒಲಿಂಪಿಕ್ಸ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಮಿಲ್ಖಾ ಸಿಂಗ್. ಸೆಪ್ಟೆಂಬರ್ 6ರ 400 ಮೀಟರ್ ಫೈನಲ್, ಕೂದಲೆಳೆಯಲ್ಲಿ ತಪ್ಪಿದ ಕಂಚು, ನಾಲ್ಕನೇ ಸ್ಥಾನ. ಸಿನಿಮಾ ನೋಡಿದವರಿಗೂ ಗೊತ್ತು, ನೋಡದವರಿಗೂ ಗೊತ್ತು. ಆದರೆ ಅದೇ ಟ್ರ್ಯಾಕಿನಲ್ಲಿ, ಅದಕ್ಕೆ ನಾಲ್ಕೇ ದಿನ ಮೊದಲು ನಡೆದ ಇನ್ನೊಂದು ಕತೆಯನ್ನು ನಮ್ಮಲ್ಲಿ ಯಾರೂ ಅಷ್ಟಾಗಿ ಹೇಳಲ್ಲ. ನೀವು ವಾರಕ್ಕೆರಡು ಸಲ ಶೂ ಕಟ್ಟಿಕೊಂಡು ಓಡೋಕೆ ಹೋಗೋರಾದರೆ, ಈ ಕತೆಗೂ ನಿಮಗೂ ನೇರ ಸಂಬಂಧ ಇದೆ.

ಸೆಪ್ಟೆಂಬರ್ 2ರ ಮಧ್ಯಾಹ್ನ. 800 ಮೀಟರ್ ಫೈನಲ್. ಗೆಲ್ಲೋ ಕುದುರೆ ಅಂತ ಎಲ್ಲರೂ ಲೆಕ್ಕ ಹಾಕಿದ್ದು ಬೆಲ್ಜಿಯಂನ ರೋಜರ್ ಮೊಯೆನ್ಸ್‌ನನ್ನ. ವಿಶ್ವದಾಖಲೆ ಅವನದೇ. ಕೊನೆಯ ಕೆಲವು ಮೀಟರ್ ಇದ್ದಾಗ ಮೊಯೆನ್ಸ್ ಬಲಕ್ಕೆ ತಿರುಗಿ ಯಾರಾದರೂ ಬರ್ತಿದ್ದಾರಾ ಅಂತ ನೋಡಿದ. ಬರಬೇಕಾದವನು ಎಡಗಡೆಯಿಂದ, ಒಳಬದಿಯಿಂದ ಬಂದುಬಿಟ್ಟಿದ್ದ. ನ್ಯೂಜಿಲೆಂಡಿನ ಪೀಟರ್ ಸ್ನೆಲ್, ವಯಸ್ಸು 21, ಯಾರ ಲೆಕ್ಕದಲ್ಲೂ ಇಲ್ಲದ ಹುಡುಗ. ಸಮಯ 1 ನಿಮಿಷ 46.3 ಸೆಕೆಂಡ್.

ಅದಾಗಿ ಸುಮಾರು ಒಂದು ಗಂಟೆಯಲ್ಲಿ 5000 ಮೀಟರ್ ಫೈನಲ್. ಅದರಲ್ಲಿ ಇದ್ದವನು ಮರ್ರೆ ಹಾಲ್ಬರ್ಗ್. ಹದಿಹರೆಯದಲ್ಲಿ ರಗ್ಬಿ ಆಡುವಾಗ ಬಿದ್ದ ಪೆಟ್ಟಿನಿಂದ ಅವನ ಎಡಗೈ ಹೆಚ್ಚುಕಡಿಮೆ ಸತ್ತೇ ಹೋಗಿತ್ತು, ಎದೆಗೆ ಒತ್ತಿಕೊಂಡೇ ಓಡ್ತಿದ್ದ. ಇನ್ನೂ ಮೂರು ಲ್ಯಾಪ್ ಇರುವಾಗ, ಮಿಕ್ಕವರೆಲ್ಲ ಕೊನೆಯ ಲ್ಯಾಪಿಗೆ ಶಕ್ತಿ ಉಳಿಸಿಕೊಳ್ಳುತ್ತಾ ಇದ್ದ ಹೊತ್ತಿನಲ್ಲಿ, ಇವನು ಒಮ್ಮೆಲೇ ನುಗ್ಗಿದ. ದೊಡ್ಡ ಅಂತರ ಮಾಡಿಕೊಂಡ. ಕೊನೆಯ ಲ್ಯಾಪಲ್ಲಿ ಕಾಲು ಸೋತಿತ್ತು, ಹಿಂದಿನವರು ಹತ್ತಿರ ಬರ್ತಾ ಇದ್ರು. ಆದರೂ ಟೇಪು ಮುಟ್ಟಿದ, ಮುಟ್ಟಿ ಅದನ್ನು ಹಿಡಿದುಕೊಂಡೇ ನೆಲಕ್ಕೆ ಬಿದ್ದ.

ಒಂದೇ ಗಂಟೆಯಲ್ಲಿ ಎರಡು ಚಿನ್ನ. ಎಂಟು ದಿನ ಬಿಟ್ಟು ಮ್ಯಾರಥಾನ್. ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಓಡಿ ಗೆದ್ದ ಆ ಚಾರಿತ್ರಿಕ ಓಟದಲ್ಲಿ ಮೂರನೆಯವನಾಗಿ ಬಂದದ್ದು ಬ್ಯಾರಿ ಮಗೀ. ಅವನೂ ನ್ಯೂಜಿಲೆಂಡಿನವನು. ಆಗ ಆ ಇಡೀ ದೇಶದ ಜನಸಂಖ್ಯೆ 25 ಲಕ್ಷ ಕೂಡ ಇರಲಿಲ್ಲ.

ಇನ್ನೂ ವಿಚಿತ್ರ ಏನು ಗೊತ್ತಾ? ಈ ಮೂವರೂ ತಯಾರಾದದ್ದು ಆಕ್ಲೆಂಡ್ ನಗರದ ಒವೈರಾಕಾ ಅನ್ನೋ ಒಂದು ಬಡಾವಣೆಯ ಸುತ್ತಮುತ್ತ, ಒಬ್ಬನೇ ಮನುಷ್ಯನ ಕೈಕೆಳಗೆ. ಆ ಮನುಷ್ಯ ರೋಮಿಗೆ ಹೋಗಿದ್ದ, ಆದರೆ ತಂಡದ ಅಧಿಕೃತ ಕೋಚ್ ಆಗಿ ಅಲ್ಲ. ಹೆಸರು ಆರ್ಥರ್ ಲಿಡಿಯಾರ್ಡ್. ವೃತ್ತಿ? ಶೂ ಫ್ಯಾಕ್ಟರಿಯಲ್ಲಿ ಕೆಲಸ. ಸಂಸಾರಕ್ಕೆ ಅದು ಸಾಲದೆ ಬೆಳಗಿನ ಜಾವ ಮನೆಮನೆಗೆ ಹಾಲು ಹಾಕುವ ಕೆಲಸವನ್ನೂ ಮಾಡಿದವನು.

ನನಗೆ ಈತನ ಹೆಸರು ಮೊದಲು ಸಿಕ್ಕಿದ್ದು ಒಂದು ಸಾಮಾನ್ಯ ಕುತೂಹಲದಿಂದ. ನಮ್ಮ ಆಫೀಸಿನಲ್ಲಿ ಓಡುವವರ ಒಂದು ಗುಂಪಿದೆ. ಅವರ ಬಾಯಲ್ಲಿ ಸದಾ ‘ಬೇಸ್ ಬಿಲ್ಡಿಂಗ್’, ‘ಜೋನ್ 2’, ‘ಸಂಡೇ ಲಾಂಗ್ ರನ್’, ‘ಟೇಪರ್’ ಇಂಥ ಮಾತುಗಳೇ. ಇದನ್ನೆಲ್ಲ ಯಾರು ಕಂಡುಹಿಡಿದರು, ಭಾನುವಾರವೇ ಯಾಕೆ ಉದ್ದ ಓಡಬೇಕು ಅಂತ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಆ್ಯಪ್ ಹೇಳತ್ತೆ, ಓಡ್ತೀವಿ. ಹುಡುಕುತ್ತಾ ಹೋದ ಹಾಗೆ ಎಲ್ಲ ದಾರಿಯೂ ಆಕ್ಲೆಂಡಿನ ಈ ಶೂ ಕೆಲಸಗಾರನ ಮನೆಯ ಹತ್ತಿರ ಬಂದು ನಿಲ್ಲುತ್ತಿದ್ದವು.

ಲಿಡಿಯಾರ್ಡ್ ಹುಟ್ಟಿದ್ದು 1917ರಲ್ಲಿ. ಹುಡುಗನಾಗಿದ್ದಾಗ ರಗ್ಬಿ ಆಡ್ತಿದ್ದ, ಒಂದಷ್ಟು ಓಡ್ತಿದ್ದ. ಮದುವೆ, ಕೆಲಸ ಅಂತಾದ ಮೇಲೆ ನಮ್ಮೆಲ್ಲರ ಹಾಗೇ ಮೈ ಬಂತು. ಇಪ್ಪತ್ತೇಳು ಇಪ್ಪತ್ತೆಂಟರ ಸುಮಾರಿಗೆ ಜ್ಯಾಕ್ ಡೋಲನ್ ಅನ್ನೋ ಗೆಳೆಯ ಐದು ಮೈಲಿ ಓಡೋಣ ಬಾ ಅಂತ ಕರೆದುಕೊಂಡು ಹೋದ. ಡೋಲನ್ ಆರಾಮಾಗಿ ಓಡಿದ, ಲಿಡಿಯಾರ್ಡ್‌ಗೆ ಉಸಿರು ಬಾಯಿಗೆ ಬಂತು. ಈ ವಯಸ್ಸಿಗೇ ಹೀಗಾದರೆ ನಲವತ್ತೇಳಕ್ಕೆ ನನ್ನ ಗತಿ ಏನು ಅನ್ನೋ ಭಯ ಅವತ್ತು ಹುಟ್ಟಿತು ಅಂತ ಆತ ಮುಂದೆ ಹೇಳಿಕೊಳ್ಳುತ್ತಿದ್ದ.

ಅಲ್ಲಿಂದ ಶುರುವಾದದ್ದು ಸುಮಾರು ಒಂಬತ್ತು ವರ್ಷದ ಪ್ರಯೋಗ. ಪ್ರಯೋಗಾಲಯ ಇಲ್ಲ, ಇಲಿ ಮೊಲ ಇಲ್ಲ, ತನ್ನ ಮೈಯೇ ಎಲ್ಲ. ಆಗಿನ ಪುಸ್ತಕಗಳಲ್ಲಿ ಇದ್ದದ್ದನ್ನು ಮಾಡಿ ನೋಡಿದ, ಸಾಲದು ಅನ್ನಿಸಿತು. ಕೆಲವು ವಾರ ತೀರಾ ಕಮ್ಮಿ ಓಡಿ ನೋಡಿದ, ಕೆಲವು ವಾರ 250 ಮೈಲಿಯವರೆಗೂ ಓಡಿ ನೋಡಿದ. ವಾರಕ್ಕೆ 250 ಮೈಲಿ ಅಂದರೆ 400 ಕಿಲೋಮೀಟರ್! ಕಡೆಗೆ ವಾರಕ್ಕೆ ನೂರು ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್, ಒಳ್ಳೇ ವೇಗದಲ್ಲಿ, ಆದರೆ ಏದುಸಿರು ಬಿಡದೆ ಓಡಿದರೆ ಮೈ ಕುಸಿಯೋದಿಲ್ಲ, ಬಲವಾಗುತ್ತದೆ ಅನ್ನೋ ತೀರ್ಮಾನಕ್ಕೆ ಬಂದ.

ಓಟಗಾರನಾಗಿ ಆತ ಏನು ಸಾಧಿಸಿದ? ತಕ್ಕಮಟ್ಟಿಗೆ. 1950ರಲ್ಲಿ ತನ್ನೂರು ಆಕ್ಲೆಂಡಿನಲ್ಲೇ ನಡೆದ ಎಂಪೈರ್ ಗೇಮ್ಸ್‌ನಲ್ಲಿ ಮ್ಯಾರಥಾನ್ ಓಡಿದ, ಪದಕ ಬರಲಿಲ್ಲ. 1953 ಮತ್ತು 1955ರಲ್ಲಿ ರಾಷ್ಟ್ರೀಯ ಮ್ಯಾರಥಾನ್ ಚಾಂಪಿಯನ್ ಆದ. ಅಷ್ಟೇ. ಜಗತ್ತು ನೆನಪಿಟ್ಟುಕೊಳ್ಳುವಂಥದ್ದು ಏನೂ ಇಲ್ಲ. ಆದರೆ ಇಷ್ಟರಲ್ಲಿ ಕೆಲವು ಹುಡುಗರು ಅವನ ಹಿಂದೆ ಓಡಲು ಶುರು ಮಾಡಿದ್ದರು. ಮೊದಲನೆಯವನು ಅದೇ ಶೂ ಫ್ಯಾಕ್ಟರಿಯ ಲಾರಿ ಕಿಂಗ್. ಅವನು ಗೆಲ್ಲುವುದನ್ನು ನೋಡಿ ಮಿಕ್ಕವರು ಬಂದರು.

ಈತ ಹೇಳಿದ್ದು ಆಗಿನ ಕಾಲಕ್ಕೆ ಎಷ್ಟು ತಲೆಹರಟೆ ಅನ್ನಿಸಿರಬಹುದು ಅಂತ ತಿಳಿಯೋಕೆ ಸ್ವಲ್ಪ ಹಿನ್ನೆಲೆ ಬೇಕು. 1950ರ ದಶಕ ಇಂಟರ್ವಲ್ ತರಬೇತಿಯ ಕಾಲ. ಜೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ 400 ಮೀಟರಿನ ತುಣುಕುಗಳನ್ನು ದಿನಕ್ಕೆ ಹತ್ತಾರು ಸಲ ಓಡಿ 1952ರ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದಿದ್ದ. 1954ರಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು ನಾಲ್ಕು ನಿಮಿಷದ ಒಳಗೆ ಓಡಿದ್ದೂ ಇಂಥದೇ ತಾಲೀಮಿನಿಂದ. ಜರ್ಮನಿಯಲ್ಲಿ ಡಾಕ್ಟರುಗಳು ಎದೆಬಡಿತ ಅಳೆದು ಇದಕ್ಕೆ ಶಾಸ್ತ್ರವನ್ನೂ ಬರೆದಿದ್ದರು. ಅಂಥ ಹೊತ್ತಲ್ಲಿ, ಎರಡೇ ನಿಮಿಷದಲ್ಲಿ ಮುಗಿದುಹೋಗುವ 800 ಮೀಟರ್ ಓಟಗಾರನೂ ಮ್ಯಾರಥಾನ್ ಓಡುವವನ ಹಾಗೆ ತಿಂಗಳುಗಟ್ಟಲೆ ರಸ್ತೆಯಲ್ಲಿ ಓಡಬೇಕು ಅಂತ ಒಬ್ಬ ಫ್ಯಾಕ್ಟರಿ ಕೆಲಸಗಾರ ಹೇಳಿದರೆ ಯಾರು ಕೇಳ್ತಾರೆ?

ಅವನ ವಾದ ಸರಳ. ಜೋರಾಗಿ ಓಡುವಾಗ ಮೈಗೆ ಬೇಕಾದಷ್ಟು ಆಮ್ಲಜನಕ ಉಸಿರಾಟದಿಂದ ಸಿಗೋದಿಲ್ಲ, ಮೈ ಸಾಲ ಮಾಡುತ್ತೆ. ಈ ಸಾಲಕ್ಕೆ ಒಂದು ಮಿತಿ ಇದೆ, ಎಷ್ಟು ತಾಲೀಮು ಮಾಡಿದರೂ ಆ ಮಿತಿ ಬಹಳ ಹೆಚ್ಚೋದಿಲ್ಲ. ಆದರೆ ಉಸಿರಾಟದಿಂದ ಬರುವ ಆದಾಯವನ್ನು ವರ್ಷಗಟ್ಟಲೆ ಹೆಚ್ಚಿಸುತ್ತಾ ಹೋಗಬಹುದು. ಗುಂಡಿಗೆ ಬಲವಾಗುತ್ತೆ, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಬರೀ ಇಂಟರ್ವಲ್ ಮಾಡೋದು ಸಂಬಳ ಏರಿಸಿಕೊಳ್ಳದೆ ಕ್ರೆಡಿಟ್ ಕಾರ್ಡಿನ ಲಿಮಿಟ್ ಏರಿಸಿಕೊಂಡ ಹಾಗೆ. ಮೊದಲು ಸಂಬಳ ಏರಲಿ, ಸಾಲ ಕೊನೆಗೆ ಮಾಡೋಣ ಅನ್ನೋದು ಲಿಡಿಯಾರ್ಡ್ ಲೆಕ್ಕ.

ಹಾಗಾಗಿ ಅವನ ವರ್ಷದ ವೇಳಾಪಟ್ಟಿ ಮನೆ ಕಟ್ಟುವ ಹಾಗೆ ಇರ್ತಿತ್ತು. ಮೊದಲು ಅಡಿಪಾಯ, ಹತ್ತು ವಾರಕ್ಕೂ ಮೇಲೆ ರಸ್ತೆ ಓಟ. ಆಮೇಲೆ ಕೆಲವು ವಾರ ಏರು ದಾರಿಯಲ್ಲಿ ಕುಪ್ಪಳಿಸಿ ಹತ್ತುವ ಕಸರತ್ತು, ಕಾಲಿಗೆ ಬಲ ಬರಲಿ ಅಂತ. ಆಮೇಲೆ ಟ್ರ್ಯಾಕಿನಲ್ಲಿ ಇಂಟರ್ವಲ್. ಕೊನೆಗೆ ಓಟದ ದಿನ ಹತ್ತಿರ ಬಂದ ಹಾಗೆ ದೂರ ಕಮ್ಮಿ ಮಾಡಿ ಮೈಯನ್ನು ಹಗುರ ಮಾಡೋದು. ಇಡೀ ವರ್ಷದ ಗುರಿ ಒಂದೇ ದಿನ. ಆ ದಿನಕ್ಕಿಂತ ಮುಂಚಿನ ಓಟಗಳಲ್ಲಿ ಸೋತರೆ ಸೋಲಲಿ ಬಿಡಿ ಅನ್ನುವಷ್ಟು ತಾಳ್ಮೆ ಇದಕ್ಕೆ ಬೇಕು. ವರ್ಷವನ್ನು ಹೀಗೆ ಹಂತ ಹಂತವಾಗಿ ಸೀಳುವುದು ಇವತ್ತು ಯಾವ ಮ್ಯಾರಥಾನ್ ಪ್ಲಾನ್ ತೆಗೆದರೂ ಕಾಣುವ ಚೌಕಟ್ಟು.

ಭಾನುವಾರದ ಓಟ ಬಂದದ್ದೂ ಇಲ್ಲಿಂದಲೇ. ಆಕ್ಲೆಂಡಿನ ಪಶ್ಚಿಮಕ್ಕೆ ವೈಟಾಕೆರೆ ಬೆಟ್ಟಸಾಲು. ಅದರ ಮೇಲೆ ವಯಾಟಾರುವಾ ಅನ್ನೋ ಊರನ್ನು ಸುತ್ತಿ ಬರುವ ದಾರಿ 22 ಮೈಲಿ, ಸುಮಾರು 35 ಕಿಲೋಮೀಟರ್. ಭಾನುವಾರವೇ ಯಾಕೆ ಅಂದರೆ ಕಾರಣ ಬಹಳ ಸಾದಾ: ಎಲ್ಲರಿಗೂ ಕೆಲಸ ಇತ್ತು. ಆಗಿನ ಅಮೆಚೂರ್ ನಿಯಮದ ಪ್ರಕಾರ ಓಟದಿಂದ ದುಡ್ಡು ಮಾಡೋ ಹಾಗಿಲ್ಲ. ಸ್ನೆಲ್ ಕಟ್ಟಡ ಕಾಮಗಾರಿಯ ಅಳತೆ ಮತ್ತು ಲೆಕ್ಕ ಕಲಿಯುತ್ತಿದ್ದ ಟ್ರೇನಿ. ಒಲಿಂಪಿಕ್ ಚಾಂಪಿಯನ್ನರು ದಿನದ ಓಟ ಮುಗಿಸುತ್ತಿದ್ದದ್ದು ಕೆಲಸಕ್ಕೆ ಮುಂಚೆ ಅಥವಾ ಕೆಲಸ ಮುಗಿದ ಮೇಲೆ. ಮೇಷ್ಟ್ರೂ ಅವರ ಜೊತೆಗೇ ಓಡ್ತಿದ್ದರು. ನಲವತ್ತು ದಾಟಿದ ಮನುಷ್ಯ ಇಪ್ಪತ್ತರ ಹುಡುಗರ ಪಕ್ಕದಲ್ಲಿ ಅದೇ ಬೆಟ್ಟ ಹತ್ತುತ್ತಿದ್ದರೆ, ಆಗಲ್ಲ ಸಾರ್ ಅಂತ ಹೇಳೋದಾದರೂ ಹೇಗೆ?

ರೋಮಿನ ಫಲಿತಾಂಶಕ್ಕೆ ಈಗ ಮರಳಿ ಬನ್ನಿ. 800 ಮೀಟರಿಗೆ ಅಲ್ಲಿ ಮೂರು ದಿನದಲ್ಲಿ ನಾಲ್ಕು ಸುತ್ತು. ಸ್ನೆಲ್‌ಗಿಂತ ವೇಗದವರು ಆ ಕಣದಲ್ಲಿ ಇದ್ದರು. ಆದರೆ ನಾಲ್ಕನೇ ಸುತ್ತಿಗೆ ಬರುವಾಗ ಅವರೆಲ್ಲ ಬಳಲಿದ್ದರು, ಬೆಟ್ಟ ಹತ್ತಿ ಬಂದವನು ಬಳಲಿರಲಿಲ್ಲ. ಹಾಲ್ಬರ್ಗ್ ಮೂರು ಲ್ಯಾಪ್ ಮೊದಲೇ ನುಗ್ಗಿದ್ದೂ ಕೂಡ ಹುಚ್ಚು ಧೈರ್ಯ ಅಲ್ಲ, ಗುರು ಶಿಷ್ಯ ಕೂತು ಮೊದಲೇ ಹಾಕಿದ್ದ ಲೆಕ್ಕ. ಎಲ್ಲರೂ ಸುಧಾರಿಸಿಕೊಳ್ಳುವ ಹೊತ್ತೇ ಹೊಡೆಯುವ ಹೊತ್ತು.

ಇದು ಅದೃಷ್ಟ ಅಂದವರಿಗೆ ಉತ್ತರ 1962ರಲ್ಲಿ ಸಿಕ್ಕಿತು. 1961ರ ಕೊನೆಗೆ ಸ್ನೆಲ್ ಒಂದು ಪೂರ್ತಿ ಮ್ಯಾರಥಾನ್ ಓಡಿದ, 2 ಗಂಟೆ 41 ನಿಮಿಷದಲ್ಲಿ. 800 ಮೀಟರ್ ಚಾಂಪಿಯನ್ನು ಮ್ಯಾರಥಾನ್ ಓಡೋದು ಅಂದರೆ ಎಕ್ಸ್‌ಪ್ರೆಸ್ ರೈಲಿನ ಎಂಜಿನ್ನಿಗೆ ಗೂಡ್ಸ್ ಬೋಗಿ ಕಟ್ಟಿದ ಹಾಗೆ. ಆದರೆ ಜನವರಿ 27ರಂದು ವಾಂಗನೂಯಿ ಊರಿನ ಹುಲ್ಲಿನ ಟ್ರ್ಯಾಕಿನಲ್ಲಿ ಅದೇ ಸ್ನೆಲ್ ಒಂದು ಮೈಲಿಯನ್ನು 3 ನಿಮಿಷ 54.4 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ. ಒಂದೇ ವಾರ ಬಿಟ್ಟು ಕ್ರೈಸ್ಟ್‌ಚರ್ಚಿನಲ್ಲಿ, ಮತ್ತೆ ಹುಲ್ಲಿನ ಮೇಲೆಯೇ, 800 ಮೀಟರ್‌ನಲ್ಲಿ 1 ನಿಮಿಷ 44.3 ಸೆಕೆಂಡ್. ನ್ಯೂಜಿಲೆಂಡಿನಲ್ಲಿ ಆ ಸಮಯವನ್ನು ಇನ್ನೊಬ್ಬ ಮೀರಿಸಲು 60 ವರ್ಷಕ್ಕಿಂತ ಹೆಚ್ಚು ಬೇಕಾಯಿತು. 1964ರ ಟೋಕಿಯೋದಲ್ಲಿ ಸ್ನೆಲ್ 800 ಮತ್ತು 1500 ಎರಡನ್ನೂ ಗೆದ್ದ. ಅದಾದ ಮೇಲೆ ಒಲಿಂಪಿಕ್ಸ್‌ನಲ್ಲಿ ಯಾವ ಗಂಡಸೂ ಈ ಎರಡನ್ನು ಒಟ್ಟಿಗೆ ಗೆದ್ದಿಲ್ಲ. ಅದೇ 1500ರಲ್ಲಿ ಕಂಚು ಗೆದ್ದ ಜಾನ್ ಡೇವಿಸ್ ಕೂಡ ಲಿಡಿಯಾರ್ಡ್ ಶಿಷ್ಯನೇ. ಅಂದ ಹಾಗೆ ನಮ್ಮ ಬೆಂಗಳೂರಿನ ಓಟಗಾರ ಕೆನೆತ್ ಪೊವೆಲ್ ಕೂಡ ಆ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಓಡಿದ್ದರು.

ಇಲ್ಲಿಗೆ ಕತೆ ಮುಗಿದಿದ್ದರೆ ಇದು ಪದಕಗಳ ಕತೆ ಆಗ್ತಿತ್ತು. ನನಗೆ ನಿಜವಾಗಿ ದೊಡ್ಡದು ಅನ್ನಿಸೋದು ಇದರ ಪಕ್ಕದಲ್ಲೇ ನಡೆದ ಇನ್ನೊಂದು ಕೆಲಸ.

ಆ ಕಾಲದಲ್ಲಿ ಹೃದಯಾಘಾತ ಆದವರಿಗೆ ಡಾಕ್ಟರು ಹೇಳುತ್ತಿದ್ದದ್ದು ಒಂದೇ: ಸುಮ್ಮನೆ ಮಲಗಿ, ಮೆಟ್ಟಿಲು ಕೂಡ ಹತ್ತಬೇಡಿ. ಗುಂಡಿಗೆಯೂ ಒಂದು ಸ್ನಾಯು, ಅದಕ್ಕೂ ಮೆಲ್ಲಗೆ ಕೆಲಸ ಕೊಡಬೇಕು ಅಂತ ಲಿಡಿಯಾರ್ಡ್ ನಂಬಿದ್ದ. ಹೃದಯದ ತೊಂದರೆ ಇದ್ದ ನಡುವಯಸ್ಸಿನ, ಹೊಟ್ಟೆ ಬಂದ ಕೆಲವರನ್ನು ಸೇರಿಸಿಕೊಂಡು ಮೆಲ್ಲಗೆ ಓಡಿಸಲು ಶುರು ಮಾಡಿದ. 1962ರಲ್ಲಿ ಆಕ್ಲೆಂಡ್ ಜಾಗರ್ಸ್ ಕ್ಲಬ್ ಹುಟ್ಟಿತು. ಮುಂದೆ ನಗರದ ಮೇಯರ್ ಆದ ಕಾಲಿನ್ ಕೇ ಅದಕ್ಕೆ ಹೆಗಲು ಕೊಟ್ಟರು. ನಿಯಮ ಒಂದೇ: ಪಕ್ಕದವರ ಜೊತೆ ಮಾತಾಡುತ್ತಾ ಓಡುವಷ್ಟು ನಿಧಾನ ಇರಲಿ, ಮಾತು ನಿಂತರೆ ಜಾಸ್ತಿ ಆಯಿತು ಅಂತ ಅರ್ಥ.

ಅದೇ 1962ರ ಡಿಸೆಂಬರಿನಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್ಮನ್ ತನ್ನ ಹುಡುಗರ ಜೊತೆ ನ್ಯೂಜಿಲೆಂಡಿಗೆ ಬಂದ. ವಯಸ್ಸು 51. ಒಂದು ಭಾನುವಾರ ಲಿಡಿಯಾರ್ಡ್ ಅವನನ್ನೂ ಜಾಗರ್‌ಗಳ ಜೊತೆ ಓಡೋಕೆ ಕರೆದ. ಅಷ್ಟು ಚಾಂಪಿಯನ್ನರನ್ನು ತಯಾರು ಮಾಡಿದ್ದ ಬೋವರ್ಮನ್ ಸ್ವಲ್ಪ ಹೊತ್ತಿಗೇ ಸುಸ್ತಾಗಿ ಹಿಂದೆ ಬಿದ್ದ. ಅವನ ಪಕ್ಕ ಮಾತಾಡುತ್ತಾ ಆರಾಮಾಗಿ ಓಡುತ್ತಿದ್ದದ್ದು ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ಒಬ್ಬ ಅಜ್ಜ. ಬೋವರ್ಮನ್ ಊರಿಗೆ ಮರಳಿದವನೇ ಸಾಮಾನ್ಯ ಜನರಿಗೆ ಜಾಗಿಂಗ್ ತರಗತಿ ಶುರು ಮಾಡಿದ. ಹೃದಯತಜ್ಞರೊಬ್ಬರ ಜೊತೆ ಸೇರಿ ಬರೆದ ‘ಜಾಗಿಂಗ್’ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. 1964ರಲ್ಲಿ ಅದೇ ಬೋವರ್ಮನ್ ತನ್ನ ಹಳೆಯ ಶಿಷ್ಯ ಫಿಲ್ ನೈಟ್ ಜೊತೆ ಒಂದು ಶೂ ಕಂಪನಿ ಶುರು ಮಾಡಿದ. ಮುಂದೆ ಅದರ ಹೆಸರು ನೈಕಿ ಅಂತ ಆಯಿತು. ಲಿಡಿಯಾರ್ಡ್ ಹೆಸರಲ್ಲೂ ಜರ್ಮನಿಯ ಬ್ರೂಟಿಂಗ್ ಕಂಪನಿ ಶೂ ತಂದಿತು, ಆದರೆ ಆ ಹೆಸರು ನಿಮ್ಮ ನಮ್ಮ ಮನೆಯ ಶೂ ಸ್ಟ್ಯಾಂಡಿಗೆ ಬಂದಿಲ್ಲ.

ಮೆಕ್ಸಿಕೋ, ಆಮೇಲೆ 1967ರಿಂದ ಫಿನ್ಲೆಂಡ್, ಹೀಗೆ ಬೇರೆ ದೇಶಗಳು ಆತನನ್ನು ಕರೆಸಿಕೊಂಡವು. ಫಿನ್ಲೆಂಡ್ ಒಂದು ಕಾಲಕ್ಕೆ ಪಾವೊ ನೂರ್ಮಿಯ ನಾಡು, ಆದರೆ ದಶಕಗಳಿಂದ ಓಟದಲ್ಲಿ ಮಂಕಾಗಿತ್ತು. ಲಿಡಿಯಾರ್ಡ್ ಅಲ್ಲಿ ಇದ್ದದ್ದು ಎರಡು ವರ್ಷವೂ ಇಲ್ಲ. ಓಟಗಾರರಿಗಿಂತ ಹೆಚ್ಚಾಗಿ ಆತ ಕಲಿಸಿದ್ದು ಅಲ್ಲಿನ ಕೋಚುಗಳಿಗೆ. ಅವರು ಅದನ್ನು ತಮ್ಮ ಹಿಮಕ್ಕೆ, ತಮ್ಮ ಕಾಡಿಗೆ ಹೊಂದಿಸಿಕೊಂಡರು. 1972ರ ಮ್ಯೂನಿಕ್‌ನಲ್ಲಿ ಲಾಸೆ ವೀರೆನ್ 10,000 ಮೀಟರ್ ಓಟದ ನಡುವೆ ಮುಗ್ಗರಿಸಿ ಬಿದ್ದು, ಎದ್ದು ಓಡಿ, ವಿಶ್ವದಾಖಲೆಯೊಂದಿಗೆ ಗೆದ್ದ. 5000ವನ್ನೂ ಗೆದ್ದ. 1500ರ ಚಿನ್ನ ಇನ್ನೊಬ್ಬ ಫಿನ್, ಪೆಕ್ಕಾ ವಸಾಲಾ ಪಾಲಾಯಿತು. ಅಷ್ಟು ಹೊತ್ತಿಗೆ ಲಿಡಿಯಾರ್ಡ್ ಊರಿಗೆ ಮರಳಿ ವರ್ಷಗಳಾಗಿದ್ದವು.

ಈಗ ಇನ್ನೊಂದು ಮಗ್ಗುಲು. ಲಿಡಿಯಾರ್ಡ್ ಮಾತನ್ನು ಅಪಾರ್ಥ ಮಾಡಿಕೊಂಡವರೇ ಹೆಚ್ಚು. ನೂರು ಮೈಲಿ ಅನ್ನೋ ಅಂಕಿಯನ್ನು ಮಾತ್ರ ಹಿಡಿದುಕೊಂಡು, ಅಡಿಪಾಯ ಇಲ್ಲದೆ ಓಡಿ ಮಂಡಿ ಕೆಡಿಸಿಕೊಂಡವರು ಎಷ್ಟೋ. ಇನ್ನು ಕೆಲವರು ‘ನಿಧಾನವಾಗಿ ಉದ್ದ ಓಡುವುದು’ ಅಂದುಕೊಂಡರು. ಅದು ಅವನ ಮಾತಲ್ಲ. ಅವನ ಹುಡುಗರ ರಸ್ತೆ ಓಟ ನಿಧಾನ ಏನೂ ಆಗಿರಲಿಲ್ಲ, ಉಸಿರು ಕಟ್ಟುವ ಗೆರೆಯ ಈಚೆಗೆ ಇರ್ತಿತ್ತು ಅಷ್ಟೇ. ಇವತ್ತು ವಾಚ್ ನೋಡಿಕೊಂಡು ಮಾಡುವ ಜೋನ್ 2 ಅವನ ಮೊಮ್ಮಗ ಅನ್ನಬಹುದು, ಅವನೇ ಅಲ್ಲ. ಎಲ್ಲವೂ ಅವನೊಬ್ಬನ ಬುದ್ಧಿಯಿಂದಲೇ ಆಯಿತು ಅನ್ನೋದೂ ಅತಿ. ಸ್ನೆಲ್ ಅಂಥ ಮೈಕಟ್ಟು ದಿನಾ ಹುಟ್ಟೋದಿಲ್ಲ. ಮತ್ತೆ ಆ ಕಾಲದ ಓಟ ಬಹುಪಾಲು ಗಂಡಸರದು. 1960ರ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ 800 ಮೀಟರೇ ಅತಿ ಉದ್ದದ ಓಟ. 1964ರಲ್ಲಿ ಆಕ್ಲೆಂಡಿನಲ್ಲೇ ಮಿಲ್ಲಿ ಸ್ಯಾಂಪ್ಸನ್ ಮ್ಯಾರಥಾನನ್ನು 3 ಗಂಟೆ 19 ನಿಮಿಷ 33 ಸೆಕೆಂಡಿನಲ್ಲಿ ಓಡಿ ಜಗತ್ತಿನ ಶ್ರೇಷ್ಠ ಸಮಯ ಮಾಡಿದಳು. ಆದರೆ ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಬರಲು 1984ರವರೆಗೆ ಕಾಯಬೇಕಾಯಿತು.

ಆದರೂ ಈತನ ಬದುಕಲ್ಲಿ ನನ್ನನ್ನು ಬಹಳ ಕಾಡುವ ಪ್ರಶ್ನೆ ಒಂದಿದೆ: ಯಾರ ತಿಳಿವಳಿಕೆಯನ್ನು ನಾವು ತಿಳಿವಳಿಕೆ ಅಂತ ಒಪ್ಪುತ್ತೇವೆ? ಡಿಗ್ರಿ ಇಲ್ಲದ ಕೆಲಸಗಾರ ತನ್ನ ಕಾಲಿನಿಂದ ಕಲಿತದ್ದನ್ನು ಪ್ರಯೋಗಾಲಯ ಒಪ್ಪಲು ಬಹಳ ಕಾಲ ಬೇಕಾಯಿತು. ಆ ಸೇತುವೆಯನ್ನು ಕಟ್ಟಿದವರಲ್ಲಿ ಒಬ್ಬ ಅವನ ಶಿಷ್ಯ ಸ್ನೆಲ್. ಓಟ ಬಿಟ್ಟ ಮೇಲೆ ಅಮೆರಿಕಕ್ಕೆ ಹೋಗಿ, ಮತ್ತೆ ಕಾಲೇಜು ಸೇರಿ, ವ್ಯಾಯಾಮ ಶರೀರಶಾಸ್ತ್ರದಲ್ಲಿ ಪಿಎಚ್.ಡಿ ಮಾಡಿ ಡಲ್ಲಾಸಿನಲ್ಲಿ ಸಂಶೋಧಕನಾದ. ಉದ್ದನೆಯ ಓಟದಲ್ಲಿ ನಿಧಾನದ ಸ್ನಾಯುತಂತುಗಳ ದಾಸ್ತಾನು ಖಾಲಿಯಾದಾಗ ವೇಗದ ತಂತುಗಳೂ ಕೆಲಸಕ್ಕೆ ಇಳಿಯಬೇಕಾಗುತ್ತದೆ, ಹಾಗಾಗಿ 800 ಮೀಟರಿನವನಿಗೂ 22 ಮೈಲಿ ಲಾಭವೇ ಅಂತ ವಿವರಿಸಿದ. ಗುರು ಭಾನುವಾರದ ಬೆಟ್ಟದಲ್ಲಿ ಮಾಡಿಸಿದ್ದಕ್ಕೆ ಶಿಷ್ಯ ದಶಕಗಳ ನಂತರ ಕಾರಣ ಹುಡುಕಿ ಕೊಟ್ಟ ಹಾಗಾಯಿತು.

ಮಿಕ್ಕ ಶಿಷ್ಯರೂ ಸುಮ್ಮನೆ ಕೂರಲಿಲ್ಲ. ಹಾಲ್ಬರ್ಗ್ 1963ರಲ್ಲಿ ಅಂಗವಿಕಲ ಮಕ್ಕಳಿಗಾಗಿ ಒಂದು ಟ್ರಸ್ಟ್ ಕಟ್ಟಿದ, ಅದು ಇವತ್ತಿಗೂ ಇದೆ. ಜಾನ್ ಡೇವಿಸ್ ಕೋಚ್ ಆದ. ಡೇವಿಸ್ ಕೈಯಲ್ಲಿ ತಯಾರಾದ ಡಿಕ್ ಕ್ವಾಕ್ಸ್ 1976ರಲ್ಲಿ 5000 ಮೀಟರಿನ ಬೆಳ್ಳಿ ಗೆದ್ದ, ಲೊರೇನ್ ಮೊಲ್ಲರ್ 1992ರ ಮಹಿಳಾ ಮ್ಯಾರಥಾನ್‌ನಲ್ಲಿ ಕಂಚು ಗೆದ್ದಳು. ಒಬ್ಬ ಕೋಚಿನ ಆಯಸ್ಸನ್ನು ಪದಕದಲ್ಲಿ ಅಳೆದರೆ ಸಾಲದು, ಅವನ ಶಿಷ್ಯರ ಶಿಷ್ಯರು ಏನು ಮಾಡಿದರು ಅಂತ ನೋಡಬೇಕು.

ನಮ್ಮಲ್ಲಿ ಪ್ರತಿ ಒಲಿಂಪಿಕ್ಸ್ ಮುಗಿದಾಗಲೂ ಅದೇ ಚರ್ಚೆ. ನೂರನಲವತ್ತು ಕೋಟಿ ಜನ, ಪದಕ ಯಾಕಿಲ್ಲ, ಪ್ರತಿಭೆ ಎಲ್ಲಿದೆ, ದುಡ್ಡೆಲ್ಲಿದೆ. ಒವೈರಾಕಾ ಬಡಾವಣೆ ನೋಡಿದರೆ ನನಗೆ ಈ ಪ್ರಶ್ನೆಗಳೇ ಸ್ವಲ್ಪ ಅಡ್ಡದಾರಿ ಅನ್ನಿಸುತ್ತವೆ. ಲಿಡಿಯಾರ್ಡ್ ದೇಶವೆಲ್ಲ ಜರಡಿ ಹಿಡಿದು ಪ್ರತಿಭೆ ಹುಡುಕಲಿಲ್ಲ, ಹತ್ತಿರ ಇದ್ದವರನ್ನು, ಹುಡುಕಿಕೊಂಡು ಬಂದವರನ್ನು ಓಡಿಸಿದ. ಅಲ್ಲಿ ಇದ್ದದ್ದು ಊರಿನ ರಸ್ತೆ, ಒಂದು ಬೆಟ್ಟ, ಮತ್ತೆ ಹತ್ತು ವರ್ಷ ಬಿಡದೆ ಜೊತೆಗೆ ಓಡುವ ಒಬ್ಬ ಮೇಷ್ಟ್ರು. ಇಂಥ ಮೇಷ್ಟ್ರುಗಳು ನಮ್ಮ ತಾಲ್ಲೂಕು ಶಾಲೆಗಳ ಮಣ್ಣಿನ ಮೈದಾನದಲ್ಲೂ ಇದ್ದಾರೆ. ಮುಂದಿನ ಪಂದ್ಯಕ್ಕೆ ಫಲಿತಾಂಶ ಕೊಡಿ ಅಂತ ಅವಸರ ಮಾಡದೆ ಅವರನ್ನು ಹತ್ತು ವರ್ಷ ಅವರ ಪಾಡಿಗೆ ಕೆಲಸ ಮಾಡೋಕೆ ಬಿಡುತ್ತೇವಾ?

ತನ್ನ ದೇಶ 1990ರಲ್ಲಿ ಲಿಡಿಯಾರ್ಡ್‌ಗೆ ತನ್ನ ಅತ್ಯುನ್ನತ ಗೌರವವಾದ ‘ಆರ್ಡರ್ ಆಫ್ ನ್ಯೂಜಿಲೆಂಡ್’ ಕೊಟ್ಟಿತು. ಅದಾದ ಮೇಲೂ ಆತ ಮನೆಯಲ್ಲಿ ಕೂರಲಿಲ್ಲ, ಕರೆದವರ ಊರಿಗೆಲ್ಲ ಹೋಗಿ ಕಲಿಸುತ್ತಿದ್ದ. 2004ರ ಕೊನೆಗೆ, 87ನೇ ವಯಸ್ಸಿನಲ್ಲಿ, ಅಮೆರಿಕದಲ್ಲಿ ಊರಿಂದೂರಿಗೆ ಹೋಗಿ ಉಪನ್ಯಾಸ ಕೊಡುತ್ತಿದ್ದ. ಡಿಸೆಂಬರ್ 11ರಂದು ಟೆಕ್ಸಾಸ್‌ನಲ್ಲಿ, ಆ ಪ್ರವಾಸದ ನಡುವೆಯೇ ತೀರಿಕೊಂಡ. ನಲವತ್ತೇಳಕ್ಕೆ ನನ್ನ ಗತಿ ಏನು ಅಂತ ಹೆದರಿ ಓಡಲು ಶುರು ಮಾಡಿದವನು ಆ ಲೆಕ್ಕದ ಮೇಲೆ ನಲವತ್ತು ವರ್ಷ ಹೆಚ್ಚೇ ಬದುಕಿದ.